ನಡೆಯಲಾಗದವರು ಸೈಕಲ್ ಓಡಿಸಿದರು: ಪಾರ್ಕಿನ್ಸನ್ ಚಿಕಿತ್ಸೆ ಎಲ್ಲಿಗೆ ಬಂದಿದೆ?

ನೆದರ್ಲೆಂಡ್ಸ್‌ನ ನೈಮೇಖನ್ ಊರಿನ ನ್ಯೂರಾಲಜಿಸ್ಟ್ ಬಾಸ್ ಬ್ಲೂಮ್ ಅವರ ಬಳಿಗೆ 58 ವರ್ಷದ ಒಬ್ಬರು ಬಂದಿದ್ದರು. ಹತ್ತು ವರ್ಷದಿಂದ ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಿತ್ತು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಬೀಳುವುದೇ. ಅಂಥವರು ಮಾತಿನ ನಡುವೆ, ತಾವು ಈಗಲೂ ಸೈಕಲ್ ಓಡಿಸುವುದಾಗಿ ಹೇಳಿದರು. ಬ್ಲೂಮ್‌ಗೆ ನಂಬಿಕೆ ಬರಲಿಲ್ಲ. ಒಂದು ಸೈಕಲ್ ತರಿಸಿ ಕೂರಿಸಿ ನೋಡಿದರು. ಆ ಮನುಷ್ಯ ಸಲೀಸಾಗಿ ಪೆಡಲ್ ತುಳಿದುಕೊಂಡು ಹೋದರು, ತಿರುಗಿಸಿಕೊಂಡು ವಾಪಸ್ ಬಂದರು. ನೋಡಿದವರಿಗೆ ಕಾಯಿಲೆ ಇದೆ ಅಂತಲೇ ಅನಿಸುತ್ತಿರಲಿಲ್ಲ. ಕೆಳಗಿಳಿದ ತಕ್ಷಣ ಕಾಲು ಮತ್ತೆ ಅಂಟಿಕೊಂಡಿತು. 2010ರಲ್ಲಿ ಈ ವಿಡಿಯೊ ಒಂದು ವೈದ್ಯಕೀಯ ಪತ್ರಿಕೆಯ ಮೂಲಕ ಹೊರಬಂದಾಗ ಪಾರ್ಕಿನ್ಸನ್ ಬಗ್ಗೆ ಎಲ್ಲ ಗೊತ್ತು ಅಂದುಕೊಂಡಿದ್ದ ಡಾಕ್ಟರುಗಳೂ ಬೆರಗಾದರು.

ಈ ಕಾಯಿಲೆಯ ಚಿಕಿತ್ಸೆ ಅರ್ಥವಾಗಬೇಕಾದರೆ ಆ ಸೈಕಲ್ ಅನ್ನು ನೆನಪಿಟ್ಟುಕೊಳ್ಳಿ. ಅವರ ಕಾಲಿನಲ್ಲಿ ಶಕ್ತಿ ಇತ್ತು. ಸ್ನಾಯು ಸರಿಯಾಗಿತ್ತು. ಕೆಟ್ಟಿದ್ದು, ಮಿದುಳು ಕಾಲಿಗೆ 'ನಡಿ' ಅಂತ ಹೇಳುವ ಒಂದು ದಾರಿ. ಬೇರೆ ದಾರಿಗಳು ತೆರೆದೇ ಇದ್ದವು.

ನಾವು ನಡೆಯುವಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡುವುದಿಲ್ಲ ಅಲ್ವಾ? ಫೋನಿನಲ್ಲಿ ಮಾತಾಡುತ್ತಲೇ ಮೆಟ್ಟಿಲು ಇಳಿಯುತ್ತೇವೆ. ಕೈ ತಾನಾಗಿ ಬೀಸುತ್ತದೆ, ಕಣ್ಣು ಮಿಟುಕುತ್ತದೆ, ಮಾತಿಗೆ ತಕ್ಕಂತೆ ಮುಖ ಅರಳುತ್ತದೆ. ಕಲಿತ ಚಲನೆಗಳನ್ನು ಹೀಗೆ ತಾನಾಗಿ ನಡೆಸಿಕೊಂಡು ಹೋಗುವ ಕೆಲಸ ಮಿದುಳಿನ ಆಳದಲ್ಲಿರುವ ಕೆಲವು ನರಗಂಟುಗಳದ್ದು. ಅವು ಸರಿಯಾಗಿ ಕೆಲಸ ಮಾಡಲು ಡೋಪಮೈನ್ ಎಂಬ ರಾಸಾಯನಿಕ ಬೇಕು. ಅದನ್ನು ಅಲ್ಲಿಗೆ ಕಳಿಸುವ ನರಕೋಶಗಳು ಮಿದುಳುಕಾಂಡದ ಮೇಲ್ಭಾಗದಲ್ಲಿ ಒಂದು ಸಣ್ಣ ಜಾಗದಲ್ಲಿವೆ. ಬರಿಗಣ್ಣಿಗೆ ಕಪ್ಪಾಗಿ ಕಾಣುವುದರಿಂದ ಅದರ ಲ್ಯಾಟಿನ್ ಹೆಸರಿಗೂ 'ಕಪ್ಪು ವಸ್ತು' ಎಂದೇ ಅರ್ಥ. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಸಾಯುತ್ತಿರುವ ಕೋಶಗಳ ಒಳಗೆ ಆಲ್ಫಾ-ಸೈನುಕ್ಲೀನ್ ಎಂಬ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಉಂಡೆಗಟ್ಟಿರುತ್ತದೆ.

ನಡುಕ ಎಲ್ಲರಿಗೂ ಗೊತ್ತಿರುವ ಲಕ್ಷಣ. ಆದರೆ ನನ್ನನ್ನು ಕೇಳಿದರೆ, 'ನಡುಕದ ಕಾಯಿಲೆ' ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಕೈ ನಡುಗದೆಯೇ ಪಾರ್ಕಿನ್ಸನ್ ಇರುವವರು ಸಾಕಷ್ಟು ಜನರಿದ್ದಾರೆ. ನಿಜವಾಗಿ ಕಾಡುವುದು ನಿಧಾನಗತಿ. ಗುಂಡಿ ಹಾಕಲು ಐದು ನಿಮಿಷ. ಬರೆಯುತ್ತಾ ಹೋದಂತೆ ಅಕ್ಷರ ಚಿಕ್ಕದಾಗುತ್ತದೆ. ದನಿ ಕುಗ್ಗುತ್ತದೆ. ಮುಖದಲ್ಲಿ ಭಾವ ಕಾಣುವುದಿಲ್ಲ, ಹಾಗಾಗಿ ಒಳಗೆ ಖುಷಿಯಾಗಿದ್ದರೂ ಮನೆಯವರಿಗೆ 'ಯಾಕೆ ಮುಖ ಗಂಟು ಹಾಕಿಕೊಂಡಿದ್ದಾರೆ' ಅನಿಸುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಕೇವಲ ಆರು ಜನರನ್ನು ಗಮನಿಸಿ ಈ ಕಾಯಿಲೆಯ ಬಗ್ಗೆ ಬರೆದರು. ಆರರಲ್ಲಿ ಕೆಲವರನ್ನು ಅವರು ನೋಡಿದ್ದು ಬೀದಿಯಲ್ಲಿ. ಅವರು ಹುಟ್ಟಿದ ದಿನವಾದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು. 25 ವರ್ಷಗಳಲ್ಲಿ ಸಂಖ್ಯೆ ದುಪ್ಪಟ್ಟಾಗಿದೆ.

ಕೈಕಾಲಿಗೆ ತೊಂದರೆ ಬರುವ ಎಷ್ಟೋ ವರ್ಷ ಮೊದಲೇ ಕಾಯಿಲೆ ಶುರುವಾಗಿರುತ್ತದೆ. ವಾಸನೆ ಗೊತ್ತಾಗದಿರುವುದು, ಬಿಡದ ಮಲಬದ್ಧತೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುವುದು, ಕಿರುಚುವುದು. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಪಾರ್ಕಿನ್ಸನ್ ಅಂತ ಗಾಬರಿಯಾಗಬೇಡಿ. ಮೂಗು ಕಟ್ಟಲು, ಮಲಬದ್ಧತೆಯಾಗಲು ಬೇರೆ ನೂರು ಕಾರಣಗಳಿವೆ.

ವಾಸನೆ ಅಂದಾಗ ಜಾಯ್ ಮಿಲ್ನ್ ಅವರನ್ನು ಬಿಡುವ ಹಾಗಿಲ್ಲ. ಸ್ಕಾಟ್ಲೆಂಡಿನ ಈ ನಿವೃತ್ತ ನರ್ಸ್‌ಗೆ ಗಂಡನ ಮೈಯಿಂದ ಏನೋ ಹೊಸ ವಾಸನೆ ಬರುತ್ತಿದೆ ಅನಿಸಿತ್ತು. ಆತನಿಗೆ ಪಾರ್ಕಿನ್ಸನ್ ಇದೆ ಎಂದು ತಿಳಿದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಮುಂದೆ ಅದೇ ಕಾಯಿಲೆ ಇರುವವರ ಒಂದು ಸಭೆಗೆ ಹೋದಾಗ ಅಲ್ಲೆಲ್ಲ ಅದೇ ವಾಸನೆ! ಎಡಿನ್‌ಬರೋದ ವಿಜ್ಞಾನಿಗಳು 12 ಜನ ತೊಟ್ಟ ಟೀ ಶರ್ಟ್‌ಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. ಆರು ಕಾಯಿಲೆಯವರದ್ದು, ಆರು ಆರೋಗ್ಯವಂತರದ್ದು. ಆಕೆ ತಪ್ಪಿದ್ದು ಒಂದೇ ಒಂದು ಕಡೆ. ಆರೋಗ್ಯವಂತರೊಬ್ಬರ ಶರ್ಟನ್ನು ಕಾಯಿಲೆಯವರದ್ದು ಅಂದಿದ್ದರು. ಕೆಲವು ತಿಂಗಳ ನಂತರ ಅವರಿಗೂ ಪಾರ್ಕಿನ್ಸನ್ ಎಂದು ಗೊತ್ತಾಯಿತು. ಚರ್ಮದ ಜಿಡ್ಡಿನಲ್ಲಿ ಆಗುವ ಬದಲಾವಣೆಯನ್ನು ಯಂತ್ರದಿಂದ ಹಿಡಿಯುವ ಸಂಶೋಧನೆ ಅಲ್ಲಿಂದ ಬೆಳೆಯಿತು. ಇನ್ನೊಂದು ಕಡೆ, ಬೆನ್ನುಹುರಿಯ ದ್ರವದಲ್ಲಿ ಕೆಟ್ಟ ಆಲ್ಫಾ-ಸೈನುಕ್ಲೀನ್ ಇದೆಯೇ ಎಂದು ಪತ್ತೆಮಾಡುವ ಪರೀಕ್ಷೆ ಬಂದಿದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದು. ದ್ರವದಲ್ಲಿ ಒಂದಿಷ್ಟು ಕೆಟ್ಟ ಪ್ರೋಟೀನ್ ಇದ್ದರೆ, ಜೊತೆಗೆ ಹಾಕಿದ ಒಳ್ಳೆಯ ಪ್ರೋಟೀನ್ ಕೂಡ ಅದರಂತೆಯೇ ಉಂಡೆಗಟ್ಟುತ್ತದೆ. ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಇದರ ಅಧ್ಯಯನ 2023ರಲ್ಲಿ ಬಂತು. ಪಾರ್ಕಿನ್ಸನ್ ಇದ್ದವರಲ್ಲಿ ಸುಮಾರು 88 ಶೇಕಡಾ ಜನರನ್ನು ಅದು ಸರಿಯಾಗಿ ಗುರುತಿಸಿತ್ತು. ಆದರೂ ಇವತ್ತು ಹೆಚ್ಚಿನ ಕಡೆ ಕಾಯಿಲೆಯನ್ನು ಗುರುತಿಸುವುದು ಅನುಭವಿ ಡಾಕ್ಟರ ಕಣ್ಣು ಮತ್ತು ಕೈಯೇ.

ಒಂದು ಕಾಳಿನಿಂದ ಬಂದ ಔಷಧ

1913ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಾರ್ಕಸ್ ಗುಗನ್‌ಹೈಮ್ ಎಂಬ ರಸಾಯನ ವಿಜ್ಞಾನಿ ಫಾವಾ ಬೀನ್ಸ್‌ನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಏನಾಗುತ್ತದೋ ನೋಡೋಣ ಅಂತ ತಾವೇ ಎರಡೂವರೆ ಗ್ರಾಂ ತಿಂದರು. ಹೊಟ್ಟೆ ತೊಳಸಿ, ವಾಂತಿಯಾಯಿತು. ಅದೇ ಲೆವೊಡೋಪಾ. ಇಂದಿಗೂ ಪಾರ್ಕಿನ್ಸನ್‌ಗೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಬಂದಿಲ್ಲ. ನಸುಗುನ್ನಿ ಬೀಜದಲ್ಲೂ ಇದೇ ವಸ್ತು ಇದೆ.

ಅದರ ಬೆಲೆ ಗೊತ್ತಾಗಲು ನಲವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. 1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು, ಮಿದುಳಿನ ಡೋಪಮೈನನ್ನು ಖಾಲಿ ಮಾಡುವ ಔಷಧ ಅದು. ಮೊಲಗಳು ಕಿವಿ ಜೋತುಬಿಟ್ಟುಕೊಂಡು ಅಲ್ಲಾಡದೆ ಕೂತವು. ಲೆವೊಡೋಪಾ ಚುಚ್ಚಿದರೆ ಸ್ವಲ್ಪ ಹೊತ್ತಿಗೇ ಮತ್ತೆ ಓಡಾಡತೊಡಗಿದವು. ಅವರಿಗೆ 2000ದಲ್ಲಿ ನೊಬೆಲ್ ಬಂತು. 1960ರಲ್ಲಿ ವಿಯೆನ್ನಾದಲ್ಲಿ ಓಲೆ ಹಾರ್ನಿಕೀವಿಚ್ ಮತ್ತು ಅವರ ಜೊತೆಗಾರರು ತೀರಿಕೊಂಡ ರೋಗಿಗಳ ಮಿದುಳನ್ನು ಪರೀಕ್ಷಿಸಿ, ಡೋಪಮೈನ್ ಬಹಳ ಕಡಿಮೆ ಇರುವುದನ್ನು ತೋರಿಸಿದರು. ಮರುವರ್ಷವೇ ರೋಗಿಗಳಿಗೆ ಲೆವೊಡೋಪಾ ಇಂಜೆಕ್ಷನ್ ಕೊಟ್ಟರು. ಹಾಸಿಗೆಯಿಂದ ಏಳಲಾಗದವರು ಎದ್ದು ನಡೆದರು. 1967ರ ಹೊತ್ತಿಗೆ ಅಮೆರಿಕದಲ್ಲಿ ಜಾರ್ಜ್ ಕಾಟ್ಜಿಯಾಸ್ ಬಾಯಲ್ಲಿ ದೊಡ್ಡ ಪ್ರಮಾಣದಲ್ಲಿ ಕೊಡುವ ಕ್ರಮವನ್ನು ತಂದರು.

ಡೋಪಮೈನ್ ಕಡಿಮೆ ಇದ್ದರೆ ಡೋಪಮೈನನ್ನೇ ಯಾಕೆ ಕೊಡಬಾರದು? ರಕ್ತ ಮತ್ತು ಮಿದುಳಿನ ನಡುವೆ ಒಂದು ತಡೆಗೋಡೆ ಇದೆ, ಅದು ಡೋಪಮೈನನ್ನು ಒಳಗೆ ಬಿಡುವುದಿಲ್ಲ. ಲೆವೊಡೋಪಾವನ್ನು ಬಿಡುತ್ತದೆ. ಒಳಗೆ ಹೋದ ಮೇಲೆ ಅದು ಡೋಪಮೈನ್ ಆಗುತ್ತದೆ. ತೊಂದರೆ ಏನೆಂದರೆ, ದಾರಿಯಲ್ಲೇ, ಹೊಟ್ಟೆ ಕರುಳಿನಲ್ಲೇ ಅದರ ಬಹುಪಾಲು ಡೋಪಮೈನ್ ಆಗಿಬಿಡುತ್ತದೆ. ಗುಗನ್‌ಹೈಮ್‌ಗೆ ವಾಂತಿಯಾಗಿದ್ದು ಅದಕ್ಕೇ. ಹೀಗಾಗದಂತೆ ತಡೆಯುವ ಕಾರ್ಬಿಡೋಪಾವನ್ನು ಸೇರಿಸಿದ ಮಾತ್ರೆ 1975ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಈಗಲೂ ಬಹುತೇಕರು ನುಂಗುವುದು ಈ ಬಗೆಯ ಜೋಡಿ ಮಾತ್ರೆಯನ್ನೇ.

ನಲ್ಲಿ ಮತ್ತು ತೊಟ್ಟಿ

ಮೊದಲ ಕೆಲವು ವರ್ಷ ಈ ಮಾತ್ರೆ ಜಾದೂ ಮಾಡಿದ ಹಾಗೆ ಇರುತ್ತದೆ. ದಿನಕ್ಕೆ ಮೂರು ಸಲ ನುಂಗಿದರೆ ದಿನವಿಡೀ ಆರಾಮ. ಆಮೇಲೆ ನಿಧಾನಕ್ಕೆ ಲೆಕ್ಕ ತಪ್ಪುತ್ತದೆ. ಮಾತ್ರೆ ನುಂಗಿ ಮೂರು ಗಂಟೆಗೆಲ್ಲ ಅದರ ಪರಿಣಾಮ ಇಳಿದು ಮೈ ಬಿಗಿಯುತ್ತದೆ. ಇದನ್ನು 'ಆಫ್' ಅನ್ನುತ್ತಾರೆ. ಪರಿಣಾಮ ಏರಿದಾಗ ಕೆಲವರ ಕೈ, ಕತ್ತು, ಸೊಂಟ ತಾವಾಗಿ ಹೊಯ್ದಾಡುತ್ತವೆ. ಇದು ನಡುಕವಲ್ಲ, ಔಷಧ ಜಾಸ್ತಿಯಾದ ಹೊತ್ತಿನ ಕುಣಿತ.

ಯಾಕೆ ಹೀಗೆ? ಲೆವೊಡೋಪಾ ರಕ್ತದಲ್ಲಿ ಉಳಿಯುವುದೇ ಸ್ವಲ್ಪ ಹೊತ್ತು, ಸುಮಾರು ಒಂದೂವರೆ ಗಂಟೆಗೆ ಅರ್ಧ ಖಾಲಿ. ಅದು ಮೊದಲೂ ಹಾಗೇ ಇತ್ತು. ಆದರೆ ಆಗ ಉಳಿದಿದ್ದ ನರಕೋಶಗಳು ಅದನ್ನು ಡೋಪಮೈನ್ ಮಾಡಿ ಕೂಡಿಟ್ಟು, ಬೇಕಾದಷ್ಟು ಬೇಕಾದಾಗ ಬಿಡುತ್ತಿದ್ದವು. ನಲ್ಲಿಯಲ್ಲಿ ನೀರು ಬರುವುದು ದಿನಕ್ಕೆ ಮೂರು ಸಲವಾದರೂ, ಮನೆಯಲ್ಲಿ ದೊಡ್ಡ ತೊಟ್ಟಿ ಇದ್ದರೆ ತೊಂದರೆಯೇ ಗೊತ್ತಾಗುವುದಿಲ್ಲ. ಕೋಶಗಳು ಸಾಯುತ್ತಾ ಹೋದಂತೆ ತೊಟ್ಟಿ ಚಿಕ್ಕದಾಗುತ್ತದೆ. ಕೊನೆಗೆ ನಲ್ಲಿ ಬಂದಾಗ ಮಾತ್ರ ನೀರು. ಬಂದರೆ ಉಕ್ಕಿ ಹರಿಯುತ್ತದೆ, ನಿಂತರೆ ಒಣಗುತ್ತದೆ.

ಕಳೆದ ಐವತ್ತು ವರ್ಷದ ಚಿಕಿತ್ಸೆಯ ಬೆಳವಣಿಗೆಯನ್ನು ಒಂದೇ ಮಾತಿನಲ್ಲಿ ಹೇಳು ಅಂದರೆ ನಾನು ಹೇಳುವುದು ಇದು: ನೀರು ಹಳೆಯದೇ, ಅದನ್ನು ಸಣ್ಣಗೆ, ನಿಲ್ಲದೆ ಹರಿಸುವ ಪೈಪುಗಳು ಹೊಸವು. ರಸಾಜಿಲಿನ್‌ನಂಥ ಮಾತ್ರೆಗಳು ಮಿದುಳಿನಲ್ಲಿ ಡೋಪಮೈನ್ ಬೇಗ ಕರಗದಂತೆ ನೋಡಿಕೊಳ್ಳುತ್ತವೆ. ಎಂಟಕಪೋನ್‌ನಂಥವು ಲೆವೊಡೋಪಾ ರಕ್ತದಲ್ಲಿ ಇನ್ನಷ್ಟು ಹೊತ್ತು ಉಳಿಯುವಂತೆ ಮಾಡುತ್ತವೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ತಾವೇ ಡೋಪಮೈನ್‌ನಂತೆ ನಟಿಸುತ್ತವೆ. ಈ ಕೊನೆಯ ಗುಂಪಿನ ಬಗ್ಗೆ ಮನೆಯವರಿಗೆ ಗೊತ್ತಿರಲೇಬೇಕಾದ ಒಂದು ವಿಷಯ ಇದೆ. ಕೆಲವರಲ್ಲಿ ಇವು ಜೂಜಿನ ಚಟ, ಸುಮ್ನೆ ಸಾಮಾನು ಕೊಳ್ಳುವ ಹುಚ್ಚು, ಅತಿಯಾದ ಲೈಂಗಿಕ ಆಸಕ್ತಿ ಹುಟ್ಟಿಸುತ್ತವೆ. ಜೀವನವಿಡೀ ಕಾಸು ಕಾಸು ಲೆಕ್ಕ ಇಟ್ಟವರು ಏಕಾಏಕಿ ದುಡ್ಡು ಕಳೆಯತೊಡಗಿದರೆ ಅದು ಅವರ ಗುಣಗೇಡಲ್ಲ, ಮಾತ್ರೆಯ ಕೆಲಸವಿರಬಹುದು. ನಾಚಿಕೆಯಿಂದ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು. ಡೋಸ್ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಯಾವ ಮಾತ್ರೆಯನ್ನೂ ತಾವಾಗಿ ತಟ್ಟನೆ ನಿಲ್ಲಿಸಬಾರದು, ಅದು ಅಪಾಯ.

ಪೈಪು ಅಂದೆನಲ್ಲ, ಈಗ ನಿಜವಾದ ಪೈಪುಗಳೂ ಇವೆ. ಹೊಟ್ಟೆಯ ಮೂಲಕ ಸಣ್ಣ ಕರುಳಿಗೆ ಕೊಳವೆ ಇಟ್ಟು ಲೆವೊಡೋಪಾ ಜೆಲ್ ಹರಿಸುವ ಪಂಪ್‌ಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಯುರೋಪಿನಲ್ಲಿ ಅದು ಇನ್ನೂ ಮೊದಲೇ ಬಳಕೆಯಲ್ಲಿತ್ತು. ಅದಕ್ಕೆ ಸಣ್ಣ ಆಪರೇಷನ್ ಬೇಕು. ಈಗ ಲೆವೊಡೋಪಾವನ್ನು ನೀರಿನಲ್ಲಿ ಚೆನ್ನಾಗಿ ಕರಗುವಂತೆ ಬದಲಾಯಿಸಿ, ಚರ್ಮದ ಕೆಳಗೆ ಸಣ್ಣ ಸೂಜಿಯ ಮೂಲಕ ಹಗಲೂ ರಾತ್ರಿ ಹರಿಸುವ ಪಂಪ್ ಬಂದಿದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಸೂಜಿ ಚುಚ್ಚಿದ ಜಾಗ ಕೆಂಪಾಗುವುದು, ಸೋಂಕಾಗುವುದು ಅದರ ತಲೆನೋವು. ಇದ್ದಕ್ಕಿದ್ದಂತೆ ಬರುವ 'ಆಫ್'ಗೆ ಬಾಯಿಂದ ಎಳೆದುಕೊಳ್ಳುವ ಲೆವೊಡೋಪಾ ಪುಡಿಯೂ ಇದೆ.

ಇಷ್ಟೆಲ್ಲ ತಂತ್ರಜ್ಞಾನದ ನಡುವೆ, ಖರ್ಚಿಲ್ಲದ ಎರಡು ವಿಷಯಗಳನ್ನು ಜನ ಮರೆಯುತ್ತಾರೆ. ಒಂದು, ಊಟದ ಪ್ರೋಟೀನ್ ಮತ್ತು ಲೆವೊಡೋಪಾ ಕರುಳಿನಲ್ಲಿ ಒಂದೇ ಬಾಗಿಲಿನಿಂದ ಒಳಗೆ ಹೋಗಬೇಕು. ಜೊತೆಗೆ ಬಂದರೆ ನೂಕುನುಗ್ಗಲು. ಹಾಗಾಗಿ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಮಾತ್ರೆ ನುಂಗಿದರೆ ಹಲವರಿಗೆ ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು, ಸಮಯ. ಬೇರೆ ಯಾವುದೋ ಕಾಯಿಲೆಗೆ ಆಸ್ಪತ್ರೆ ಸೇರಿದಾಗ ವಾರ್ಡಿನವರು ತಮ್ಮ ಮಾಮೂಲಿ ಸುತ್ತಿನ ಹೊತ್ತಿಗೆ ಮಾತ್ರೆ ಕೊಡುತ್ತಾರೆ. ಪಾರ್ಕಿನ್ಸನ್ ಇರುವವರಿಗೆ ಅದು ಒಂದು ಗಂಟೆ ತಡವಾದರೂ ನುಂಗಲು, ಮಾತಾಡಲು, ಹೊರಳಲು ಕಷ್ಟ. ಬ್ರಿಟನ್ನಿನಲ್ಲಿ ರೋಗಿಗಳ ಸಂಘವೇ 'ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ' ಎಂದು ದೊಡ್ಡ ಚಳವಳಿ ನಡೆಸಬೇಕಾಯಿತು. ಸಮಯದ ಚೀಟಿಯೊಂದನ್ನು ಬರೆದು ಹಾಸಿಗೆಯ ತಲೆಯ ಬಳಿ ಅಂಟಿಸುವುದು ಒಳ್ಳೆಯದು.

ಮಿದುಳಿಗೆ ತಂತಿ

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸರ್ಜನ್ ಅಲಿಮ್-ಲೂಯಿ ಬೆನಾಬಿಡ್ ನಡುಕಕ್ಕಾಗಿ ಮಿದುಳಿನ ಒಂದು ಸಣ್ಣ ಭಾಗವನ್ನು ಸುಡುವ ಆಪರೇಷನ್ ಮಾಡುತ್ತಿದ್ದರು. ಆಗ ಇದ್ದ ಪದ್ಧತಿಯೇ ಅದು. ಸುಡುವ ಮೊದಲು ಜಾಗ ಸರಿಯಿದೆಯೇ ಎಂದು ತಂತಿಯಿಂದ ಸಣ್ಣಗೆ ಕರೆಂಟ್ ಕೊಟ್ಟು ನೋಡುತ್ತಿದ್ದರು. ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ ಕೊಟ್ಟಾಗ ನಡುಕ ನಿಂತೇಹೋಯಿತು. ಹಾಗಾದರೆ ಸುಡುವುದೇಕೆ, ತಂತಿಯನ್ನೇ ಅಲ್ಲಿ ಬಿಟ್ಟರೆ? ಹೀಗೆ ಹುಟ್ಟಿದ್ದು ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಎಲ್ಲರೂ ಡಿಬಿಎಸ್ ಅನ್ನುತ್ತಾರೆ. ಎದೆಯ ಚರ್ಮದ ಕೆಳಗೆ ಬ್ಯಾಟರಿ, ಅಲ್ಲಿಂದ ಕತ್ತಿನೊಳಗೆ ಹಾದು ಮಿದುಳಿಗೆ ಹೋಗುವ ತೆಳ್ಳಗಿನ ತಂತಿ.

ಡಿಬಿಎಸ್ ಯಾರಿಗೆ ಆಗುತ್ತದೆ ಎನ್ನುವುದರ ಬಗ್ಗೆ ತುಂಬಾ ತಪ್ಪು ತಿಳಿವಳಿಕೆ ಇದೆ. ಔಷಧವೇ ಹಿಡಿಯದವರಿಗೆ ಕೊನೆಯ ಉಪಾಯ ಅಂದುಕೊಳ್ಳುತ್ತಾರೆ. ಹೆಚ್ಚುಕಮ್ಮಿ ಇದರ ಉಲ್ಟಾ. ಲೆವೊಡೋಪಾ ಚೆನ್ನಾಗಿ ಹಿಡಿಯುತ್ತದೆ, ಆದರೆ ಏರಿಳಿತ ತಡೆಯಲಾಗುತ್ತಿಲ್ಲ ಅನ್ನುವವರಿಗೆ ಅದು ಹೇಳಿ ಮಾಡಿಸಿದ್ದು. ಮಾತ್ರೆಗೆ ಬಗ್ಗದ ಮಾತಿನ ತೊಂದರೆ, ಮರೆವು, ಸಮತೋಲನ ತಪ್ಪುವುದು ತಂತಿಗೂ ಬಗ್ಗುವುದಿಲ್ಲ. ನಡುಕ ಮಾತ್ರ ಇದಕ್ಕೆ ಹೊರತು. 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಹೊಸ ಬಗೆಯ ಡಿಬಿಎಸ್ ಮಿದುಳಿನ ಅಲೆಗಳನ್ನು ತಾನೇ ಕೇಳಿಸಿಕೊಂಡು ಕರೆಂಟನ್ನು ಹೆಚ್ಚು ಕಡಿಮೆ ಮಾಡುತ್ತದೆ. ಮತ್ತೆ ಅದೇ ಕಥೆ ನೋಡಿ: ಹೊತ್ತಿಗೆ ತಕ್ಕಷ್ಟು. ತಲೆಬುರುಡೆ ತೂತು ಮಾಡದೆ, ಅಲ್ಟ್ರಾಸೌಂಡ್ ಅಲೆಗಳನ್ನು ಒಂದೇ ಬಿಂದುವಿಗೆ ಕೂಡಿಸಿ ಸುಡುವ ವಿಧಾನವೂ ಇದೆ. ತಂತಿ ಬೇಡ, ಬ್ಯಾಟರಿ ಬೇಡ. ಆದರೆ ಸುಟ್ಟಿದ್ದು ಸುಟ್ಟದ್ದೇ, ಮುಂದೆ ಬದಲಾಯಿಸಲಾಗದು.

ಹೊಸ ಕೋಶಗಳನ್ನೇ ನೆಡುವ ಪ್ರಯತ್ನದ ಬಗ್ಗೆ ಬಹಳ ಸುದ್ದಿ ಬರುತ್ತಿದೆ. 2025ರ ಏಪ್ರಿಲ್‌ನಲ್ಲಿ ಎರಡು ವರದಿ ಒಟ್ಟಿಗೆ ಬಂದವು. ಜಪಾನಿನ ಕ್ಯೋಟೊದಲ್ಲಿ 7 ಜನರಿಗೆ, ಉತ್ತರ ಅಮೆರಿಕದಲ್ಲಿ 12 ಜನರಿಗೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶದಿಂದ (ಸ್ಟೆಮ್ ಸೆಲ್) ಬೆಳೆಸಿದ ನರಕೋಶಗಳನ್ನು ಮಿದುಳಿನಲ್ಲಿ ಇಟ್ಟಿದ್ದರು. ಕೋಶಗಳು ಬದುಕಿದವು, ಗಡ್ಡೆಯಾಗಿ ಬೆಳೆಯಲಿಲ್ಲ, ಕೆಲವರ ಚಲನೆ ಸುಧಾರಿಸಿತು. ನನಗೂ ಇದು ಖುಷಿ ಕೊಟ್ಟ ಸುದ್ದಿ. ಆದರೆ ಒಟ್ಟು 19 ಜನ, ಹೋಲಿಕೆಗೆ ಬೇರೆ ಗುಂಪೂ ಇರಲಿಲ್ಲ. ಇದನ್ನೇ ತೋರಿಸಿ ದುಬಾರಿ 'ಸ್ಟೆಮ್ ಸೆಲ್ ಚಿಕಿತ್ಸೆ' ಮಾರುವವರಿಂದ ದೂರ ಇರಿ.

ಕೋಶಗಳು ಸಾಯುವುದನ್ನೇ ನಿಲ್ಲಿಸುವ ಔಷಧ ಇದೆಯೇ? ಇದೆ ಎಂದು ಇದುವರೆಗೆ ಯಾವುದೂ ಸಾಬೀತಾಗಿಲ್ಲ. ಡಯಾಬಿಟಿಸ್ ಔಷಧ ಎಕ್ಸೆನಟೈಡ್ ಮೇಲೆ ತುಂಬಾ ಆಸೆ ಇತ್ತು. 2025ರಲ್ಲಿ ಅದರ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು, ಪ್ರಯೋಜನ ಕಾಣಲಿಲ್ಲ.

ಬೇರೆ ದಾರಿಗಳು

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ವ್ಯಾಯಾಮ ಇದೆ. 'ಸ್ವಲ್ಪ ಓಡಾಡಿ' ಅನ್ನುವ ಉಪದೇಶವಲ್ಲ, ಏದುಸಿರು ಬರುವಂಥ ವ್ಯಾಯಾಮ. 2018ರಲ್ಲಿ ಅಮೆರಿಕದ ಅಧ್ಯಯನವೊಂದರಲ್ಲಿ, ಇನ್ನೂ ಔಷಧ ಶುರುಮಾಡದ 128 ಜನರನ್ನು ಗಮನಿಸಿದರು. ಟ್ರೆಡ್‌ಮಿಲ್ ಮೇಲೆ ಹೃದಯ ತನ್ನ ಗರಿಷ್ಠ ವೇಗದ 80ರಿಂದ 85 ಶೇಕಡಾ ಬಡಿಯುವಷ್ಟು ಜೋರಾಗಿ ನಡೆದವರ ಕಾಯಿಲೆಯ ಅಂಕ ಆರು ತಿಂಗಳಲ್ಲಿ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಮಾಮೂಲಿನಂತೆ ಇದ್ದವರದ್ದು ಹದಗೆಟ್ಟಿತು. ಆರು ತಿಂಗಳು ದೊಡ್ಡ ಅವಧಿಯಲ್ಲ, ನಿಜ. ಆದರೂ ಮಾತ್ರೆಯಿಂದ ಇಂಥ ಫಲಿತಾಂಶ ಬಂದಿದ್ದರೆ ಎಲ್ಲೆಡೆ ದೊಡ್ಡ ಸುದ್ದಿಯಾಗುತ್ತಿತ್ತು.

ದಿನಾ ಅಷ್ಟು ಬೆವರು ಸುರಿಸುವುದು ಯಾರಿಗೆ ಸಾಧ್ಯ? ಅದರಲ್ಲೂ ಈ ಕಾಯಿಲೆಯಲ್ಲಿ ಉತ್ಸಾಹವೇ ಬತ್ತುತ್ತದೆ. ಡೋಪಮೈನ್ ಬರೀ ಚಲನೆಗಲ್ಲ, 'ಮಾಡೋಣ' ಅನ್ನುವ ಮನಸ್ಸಿಗೂ ಬೇಕು. ಇಲ್ಲೇ ಗುಂಪು ಕೆಲಸಕ್ಕೆ ಬರುವುದು. 2001ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ನೃತ್ಯ ತಂಡ ಪಾರ್ಕಿನ್ಸನ್ ಇರುವವರಿಗೆ ಕ್ಲಾಸ್ ಶುರುಮಾಡಿತು. 2006ರಲ್ಲಿ ಇಂಡಿಯಾನಪೊಲಿಸ್‌ನಲ್ಲಿ ಕಾಯಿಲೆ ಬಂದ ವಕೀಲರೊಬ್ಬರು ಬಾಕ್ಸಿಂಗ್ ಕ್ಲಾಸ್ ತೆರೆದರು. ಎದುರಾಳಿ ಇಲ್ಲ, ಚೀಲಕ್ಕೆ ಗುದ್ದುವುದು ಅಷ್ಟೇ. ಈ ಎರಡೂ ಇಂದು ಹಲವು ದೇಶಗಳಿಗೆ ಹರಡಿವೆ. ಕೈ ನಡುಗುತ್ತಿದ್ದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹೋಟೆಲಿನಲ್ಲಿ ಚಮಚ ಹಿಡಿಯಲು ಮುಜುಗರಪಟ್ಟು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟವರಿಗೆ ಇದು ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನೋಡಿಕೊಳ್ಳುವ ಹೆಂಡತಿಗೋ ಮಗನಿಗೋ ಕೂಡ ಅದೇ ಹೊತ್ತಿನಲ್ಲಿ ತಮ್ಮಂಥ ಇನ್ನೊಬ್ಬರು ಸಿಗುತ್ತಾರೆ. ರಾತ್ರಿ ಹಾಸಿಗೆಯಲ್ಲಿ ಹೊರಳಲು ರೇಷ್ಮೆಯಂಥ ನುಣುಪು ಬಟ್ಟೆ ಹಾಕಿದರೆ ಸುಲಭ ಅನ್ನುವಂಥ ಉಪಾಯಗಳು ಹೆಚ್ಚಾಗಿ ಸಿಗುವುದು ಇಂಥವರ ಬಾಯಲ್ಲೇ.

ಸೈಕಲ್ ಕಥೆಯ ಬ್ಲೂಮ್ 2004ರಲ್ಲಿ ಗೆಳೆಯ ಮಾರ್ಟನ್ ಮುನೆಕೆ ಜೊತೆ ಇನ್ನೊಂದು ಕೆಲಸ ಮಾಡಿದರು. ವರ್ಷಕ್ಕೆ ಒಬ್ಬಿಬ್ಬರು ಪಾರ್ಕಿನ್ಸನ್ ರೋಗಿಗಳನ್ನು ನೋಡುವ ಫಿಸಿಯೋಥೆರಪಿಸ್ಟ್‌ಗೆ ಈ ಕಾಯಿಲೆಯಲ್ಲಿ ಕೈ ಪಳಗುವುದು ಹೇಗೆ? ಅದಕ್ಕೇ ಕೆಲವರಿಗಷ್ಟೇ ವಿಶೇಷ ತರಬೇತಿ ಕೊಟ್ಟು, ರೋಗಿಗಳು ಅವರ ಬಳಿಗೇ ಹೋಗುವಂತೆ ಒಂದು ಜಾಲ ಕಟ್ಟಿದರು. ಪಾರ್ಕಿನ್ಸನ್‌ನೆಟ್ ಎಂಬ ಈ ಜಾಲ ನೆದರ್ಲೆಂಡ್ಸ್ ತುಂಬ ಹರಡಿತು. ಈಗ ಅದರಲ್ಲಿ ಫಿಸಿಯೋ, ಮಾತಿನ ಚಿಕಿತ್ಸಕರು, ಆಹಾರ ತಜ್ಞರು, ನರ್ಸುಗಳು ಎಲ್ಲ ಸೇರಿ ಸಾವಿರಾರು ಜನರಿದ್ದಾರೆ. ಇಂಥ ಫಿಸಿಯೋಗಳು ನೋಡಿಕೊಂಡ ರೋಗಿಗಳಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವಂಥ ತೊಂದರೆಗಳು ಕಡಿಮೆಯಾದವು.

ಅವರು ಹೇಳಿಕೊಡುವ ವಿದ್ಯೆಯ ತಿರುಳು ಸೈಕಲ್‌ನದ್ದೇ. ತಾನಾಗಿ ನಡೆಯುವ ದಾರಿ ಕಟ್ಟಿದ್ದರೆ, ಹೊರಗಿನ ಸುಳಿವು ಕೊಟ್ಟು ಬೇರೆ ದಾರಿಯಿಂದ ಹೋಗಿ. ಪೆಡಲ್ ಒಂದು ಸುಳಿವು. ಹಾಡಿನ ತಾಳ ಒಂದು ಸುಳಿವು. ನೆಲದ ಮೇಲೆ ಅಡ್ಡಡ್ಡ ಎಳೆದ ಗೆರೆಗಳೂ ಸುಳಿವೇ, ಬರಿ ನೆಲದ ಮೇಲೆ ಹೆಜ್ಜೆ ಎತ್ತಲಾಗದವರು ಗೆರೆ ದಾಟಿಕೊಂಡು ಸರಾಗ ನಡೆಯುತ್ತಾರೆ. ದನಿ ಕುಗ್ಗಿದವರಿಗೂ ಇಂಥದ್ದೇ ಅಭ್ಯಾಸ ಇದೆ. ತಮಗೆ ಕಿರುಚಿದ ಹಾಗೆ ಅನಿಸುವಷ್ಟು ಜೋರಾಗಿ ಮಾತಾಡಿಸುತ್ತಾರೆ, ಕೇಳುವವರಿಗೆ ಅದು ಮಾಮೂಲಿ ದನಿ.

ಬಾಗಿಲ ಹೊಸ್ತಿಲ ಬಳಿ, ಇಕ್ಕಟ್ಟಿನಲ್ಲಿ ತಿರುಗುವಾಗ ಕಾಲು ಅಂಟಿಕೊಳ್ಳುವುದು ಜಾಸ್ತಿ. ಆಗ ಪಕ್ಕದಲ್ಲಿದ್ದವರು ಗಾಬರಿಯಿಂದ ಕೈ ಹಿಡಿದು ಎಳೆಯುತ್ತಾರೆ. ಎಳೆದರೆ ಮೈ ಮುಂದೆ ಬಂದು ಕಾಲು ಅಲ್ಲೇ ಉಳಿಯುತ್ತದೆ, ಇಬ್ಬರೂ ಬೀಳುತ್ತಾರೆ. ಬದಲಿಗೆ ಒಂದು ಕ್ಷಣ ಪೂರ್ತಿ ನಿಲ್ಲಲು ಹೇಳಿ. ಉಸಿರು ಬಿಡಲಿ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ಸ್ವಲ್ಪ ತೂಗಾಡಲಿ. ಆಮೇಲೆ ನಿಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡವಾಗಿ ಇಟ್ಟು, 'ಇದನ್ನು ದಾಟಿ' ಅನ್ನಿ. ಹೆಚ್ಚಿನ ಸಲ ದಾಟುತ್ತಾರೆ.